ಒಬ್ಬಳೇ ಕೂಗಿದ ಹರಾಜು

ರೇಷ್ಮೆಗೂಡಿನ ಮಾರುಕಟ್ಟೆಯ ಕಂಪ್ಯೂಟರಿನಲ್ಲಿ ಚುರುಕಿ ಎಂಬ ಪುಟ್ಟ ಪ್ರೋಗ್ರಾಂ ಇದ್ದಳು. ಅಂದು ಮೊದಲ ಹರಾಜು ನಡೆಸುವ ಸಂಭ್ರಮದಲ್ಲಿ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೂಗಿದ ಬೆಲೆಗಳನ್ನು ಬರೆದಿಡಲು ದೊಡ್ಡ ಉಗ್ರಾಣವನ್ನು ಬಿಟ್ಟು ಪುಟ್ಟ ಪೆಟ್ಟಿಗೆಯನ್ನು ಆರಿಸಿಕೊಂಡಿದ್ದಳು.

"ಉಗ್ರಾಣಕ್ಕೆ ಬೀಗ, ಕಾವಲು, ನೂರು ರಗಳೆ. ಪೆಟ್ಟಿಗೆ ನನ್ನ ಕಂಕುಳಲ್ಲೇ ಇರುತ್ತದೆ! ನಿನ್ನೆಯ ತಾಲೀಮಿನಲ್ಲಿ ಎಷ್ಟು ಚೆನ್ನಾಗಿ ಬರೆಯಿತು!" ಎಂದಳು.

"ನಿನ್ನೆ ಬೆಲೆ ಕೂಗಿದವಳು ನೀನೊಬ್ಬಳೇ," ಎಂದ ಪೆಟ್ಟಿಗೆ, ಉಗ್ರಾಣ ಎರಡರ ಭಾಷೆಯನ್ನೂ ಬಲ್ಲ ದುಬಾಷಿ. "ಯಾವುದನ್ನೇ ಆರಿಸು, ನನ್ನ ಮೂಲಕ ಮಾತಾಡು."

"ಪೆಟ್ಟಿಗೆಯ ಭಾಷೆ ನನಗೇ ಬರುತ್ತದೆ. ಆದರೂ ಬಾ, ನಿನ್ನ ಹಠ!"

ಹರಾಜಿನ ಗಂಟೆ ಮೊಳಗಿತು. ಗೂಡು ಕೊಂಡು ನೂಲು ಬಿಚ್ಚುವವರೆಲ್ಲ ತಮ್ಮ ತಮ್ಮ ಮೊಬೈಲಿನಿಂದ ಒಟ್ಟಿಗೇ ಬೆಲೆ ಕೂಗಿದರು.

"ಒಬ್ಬರದು ಬರೆದು ಮುಗಿಯುವವರೆಗೆ ಉಳಿದವರು ನಿಲ್ಲಲಿ!" ಎಂದು ಪೆಟ್ಟಿಗೆ ಮುಚ್ಚಳ ಹಾಕಿಕೊಂಡಿತು.

ತಟ್ಟೆಯಲ್ಲಿದ್ದ ಗೂಡು ಚೀರಿತು: "ಬೇಗ ಮಾರಿ! ಒಳಗೆ ಚಿಟ್ಟೆ ಎದ್ದಿದೆ. ಅದು ಕೊರೆದು ಹೊರಬಂದರೆ ನನ್ನ ನೂಲೆಲ್ಲ ತುಂಡು ತುಂಡು!"

ಚುರುಕಿ ದುಬಾಷಿಯತ್ತ ತಿರುಗಿದಳು. "ದುಬಾಷಿ, ಈಗ ಉಗ್ರಾಣದ ಭಾಷೆ ಕಲಿಯುತ್ತ ಕೂರಲೇ?"

"ಅದು ನನ್ನ ಕೆಲಸ. ನೀನು ಬರೆದಿಡುವ ಜಾಗದ ವಿಳಾಸವನ್ನಷ್ಟೇ ಪೆಟ್ಟಿಗೆಯಿಂದ ಉಗ್ರಾಣಕ್ಕೆ ಬದಲಿಸು."

ಚುರುಕಿ ಒಂದೇ ಸಾಲು ತಿದ್ದಿದಳು. ಉಗ್ರಾಣದ ಬಾಗಿಲುಗಳೆಲ್ಲ ಒಮ್ಮೆಗೇ ತೆರೆದವು. ಬೆಲೆಗಳು ನುಗ್ಗಿ ಬಂದವು. ಗೂಡು ಇಡಿಯಾಗಿ ಮಾರಾಟವಾಯಿತು!

"ಹಾಗಾದರೆ ನಾನು ಕೆಲಸಕ್ಕೆ ಬಾರದ ಪೆಟ್ಟಿಗೆಯೇ?" ಎಂದು ಪೆಟ್ಟಿಗೆ ಮುಖ ಸಪ್ಪಗೆ ಮಾಡಿತು.

"ಛೆ, ನಿನ್ನದೇನು ತಪ್ಪು?" ಎಂದಳು ಚುರುಕಿ. "ಒಬ್ಬಳೇ ಕೂಗಿಕೊಂಡು ಅದನ್ನೇ ಹರಾಜು ಅಂದುಕೊಂಡವಳು ನಾನು!"