ಕಾಶವ್ವ ಎತ್ತಿಕೊಂಡ ಸಾಲು

ಭೀಮಾ ನದಿ ಬಾಗಿ ಹರಿಯುವ ಕಡೆ, ಬೇವಿನ ಮರಗಳ ನಡುವೆ ಒಂದು ಸಣ್ಣ ಮಠ. ಅಲ್ಲಿ ನಿಂಬೆವ್ವ ಎಂಬ ತಾಯಿ ಇದ್ದರು. ಸುತ್ತಲಿನ ಊರುಗಳಲ್ಲಿ ತತ್ವಪದ ಹಾಡುವವರಿಗೆಲ್ಲ ಅವರೇ ಗುರು.

ಪ್ರಾಯದಲ್ಲಿ ನಿಂಬೆವ್ವ ತಮ್ಮ ಗುರುಗಳ ಸಂಗಡ ಎತ್ತಿನ ಗಾಡಿಯಲ್ಲಿ ಊರೂರು ತಿರುಗಿದ್ದರು. ಗಾಡಿಯಲ್ಲಿ ಹೊರಲಾರದಷ್ಟು ಭಾರದ ಒಂದು ಟೇಪ್ ರೆಕಾರ್ಡರ್. ಇಂಥವರು ಚೆನ್ನಾಗಿ ಹಾಡುತ್ತಾರೆ ಎಂದು ಕಿವಿಗೆ ಬಿದ್ದರೆ ಸಾಕು, ಅವರ ಅಂಗಳದಲ್ಲಿ ಗಾಡಿ ಬಿಡುವುದು, ಪದ ಹಾಡಿಸುವುದು, ಟೇಪಿನಲ್ಲಿ ಹಿಡಿದುಕೊಂಡು ಮುಂದಿನ ಊರಿಗೆ ಸಾಗುವುದು.

ಹಾಗೆ ಕೂಡಿದ ಟೇಪಿನ ಸುರುಳಿಗಳು ಮಠದ ಒಂದು ಕೋಣೆ ತುಂಬಿದವು.

ವರುಷಗಳು ಕಳೆದವು. ಹಾಡಿದವರು ಒಬ್ಬೊಬ್ಬರಾಗಿ ಮಣ್ಣಿಗೆ ಸಂದರು. ಸುರುಳಿಗಳಿಗೆ ಬೂಷ್ಟು ಹಿಡಿಯಿತು.

ಈ ಸುದ್ದಿ ಕೇಳಿ ಬಂದವನು ರೇವಣಪ್ಪ. ಪೇಟೆಯ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡಿ ಪಳಗಿದ ಆಳು. ದನಿಗಳನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುತ್ತೇನೆ, ನನ್ನನ್ನು ಶಿಷ್ಯನೆಂದು ಒಪ್ಪಿಕೊಳ್ಳಿ ಎಂದು ನಿಂಬೆವ್ವನ ಪಾದ ಮುಟ್ಟಿದ. ಅವರು ಕೋಣೆಯ ಬೀಗದ ಕೈ ಅವನ ಅಂಗೈಯಲ್ಲಿ ಇಟ್ಟರು.

ರೇವಣಪ್ಪನಿಗೆ ದನಿ ತೊಳೆಯುವ ವಿದ್ಯೆ ಕೈವಶವಾಗಿತ್ತು. ಹಾಡಿನ ಹಿಂದೆ ನಾಯಿ ಬೊಗಳಿದರೆ ನಾಯಿಯನ್ನು ತೆಗೆಯಬಲ್ಲ. ಗಾಳಿ ಬೀಸಿದರೆ ಗಾಳಿಯನ್ನು ತೆಗೆಯಬಲ್ಲ. ಕೂಸಿನ ಅಳು, ಎತ್ತಿನ ಗೆಜ್ಜೆ, ಬಾವಿಯ ಗಡಗಡೆ, ಒಂದನ್ನೂ ಬಿಡುತ್ತಿರಲಿಲ್ಲ. ತೊಳೆದ ಮೇಲೆ ಹಾಡು ಬೆಳ್ಳಗೆ, ಒಂಟಿಯಾಗಿ ಉಳಿಯುತ್ತಿತ್ತು.

ಒಂದೊಂದು ಹಾಡು ಸಿದ್ಧವಾದಂತೆ ಅದರ ಮೂಲವನ್ನು ಕಂಪ್ಯೂಟರಿನಿಂದ ಅಳಿಸಿಬಿಡುತ್ತಿದ್ದ. ಜಾಗ ಸಾಲದು ಎಂಬುದು ಅವನ ಲೆಕ್ಕ. ಸುರುಳಿಯನ್ನು ಒಂದು ಗೋಣಿಚೀಲಕ್ಕೆ ಹಾಕುತ್ತಿದ್ದ. ಹರಿದ ಪೋಥಿ-ಪುಸ್ತಕಗಳನ್ನು ಹೊಳೆಗೆ ಬಿಡುವುದು ಆ ಮಠದ ಪದ್ಧತಿ. ಕೆಲಸ ಮುಗಿದ ಸುರುಳಿಗಳನ್ನೂ ಹಾಗೆಯೇ ಬಿಟ್ಟರಾಯಿತು ಎಂದುಕೊಂಡಿದ್ದ.

ಅಷ್ಟು ಸುರುಳಿಗಳಲ್ಲಿ ಅವನ ಮನಸ್ಸು ಹಿಡಿದದ್ದು ಲಗಮಣ್ಣನ ದನಿ. ಹೊಳೆಯಾಚೆಯ ಊರಿನಲ್ಲಿ ಕಂಬಳಿ ನೇಯುತ್ತಿದ್ದವನು. ತೀರಿಹೋಗಿ ಬಹಳ ಕಾಲವಾಗಿತ್ತು. ಅವನು ಹಾಡಿದ್ದು ಆ ಒಂದೇ ಸುರುಳಿಯಲ್ಲಿತ್ತು.

ಸುರುಳಿ ಕೆಟ್ಟಿತ್ತು. ಅದರಲ್ಲಿನ ಹಾಡೂ ಕೆಟ್ಟಂತೆಯೇ ರೇವಣಪ್ಪನಿಗೆ ಕೇಳಿಸಿತು. ಸಾಲಿಗೊಮ್ಮೆ ಲಗಮಣ್ಣ ಕೆಮ್ಮುತ್ತಿದ್ದ. ನಡುವೆ ಯಾರೋ ಹೆಂಗಸು ದನಿ ಸೇರಿಸುತ್ತಿದ್ದಳು. ರೇವಣಪ್ಪ ಹಟ ಹಿಡಿದು ಕೂತ. ಕೆಮ್ಮು ತೆಗೆದ, ಆ ಹೆಂಗಸನ್ನು ತೆಗೆದ, ಬಿಟ್ಟ ಜಾಗಗಳನ್ನು ಹೊಲಿಗೆ ಕಾಣದಂತೆ ಕೂಡಿಸಿದ.

ಕೊನೆಗೆ ಗುರುವಿನ ಮುಂದೆ ಕೇಳಿಸಿದ. ಒಂದೇ ಉಸಿರಿನಲ್ಲಿ ಹಾಡಿದಂತೆ ಲಗಮಣ್ಣ ಹಾಡಿದ.

ನಿಂಬೆವ್ವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಭಾಳ ತೊಳದೀ. ಹಾಡಿದವರು ಯಾರು?"

"ಲಗಮಣ್ಣ, ಅವ್ವಾರೆ."

"ಮತ್ಯಾರು?"

"ಮತ್ಯಾರೂ ಇಲ್ರಿ. ಒಂದು ಹೆಣ್ಣಿನ ದನಿ ನಡುನಡುವ ಬರ್ತಿತ್ತು. ಅದನ್ನ ತಗದೀನಿ."

ನಿಂಬೆವ್ವ ಹೂಂ ಎಂದರು. ಲಗಮಣ್ಣನ ಹೆಂಡತಿ ಕಾಶವ್ವ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ, ಹೊಳೆಯಾಚೆಗೆ ಹೇಳಿಕಳಿಸಿ ಆಕೆಯನ್ನು ಕರೆಸು ಎಂದರು.

ರೇವಣಪ್ಪನಿಗೆ ಖುಷಿಯಾಯಿತು. ತನ್ನ ಕೆಲಸ ಗುರುವಿಗೆ ಒಪ್ಪಿಗೆಯಾಗಿದೆ, ಆ ತಾಯಿಗೂ ಕೇಳಿಸಲಿ ಎಂದು ಹೀಗೆ ಹೇಳಿದ್ದಾರೆ ಎಂದುಕೊಂಡ.

ಕಾಶವ್ವ ದೋಣಿಯಲ್ಲಿ ಬಂದಳು. ವಯಸ್ಸಾಗಿದ್ದರೂ ಬೆನ್ನು ಬಾಗಿರಲಿಲ್ಲ. ಹೆಗಲ ಮೇಲೆ ಗಂಡ ನೇಯ್ದ ಕರಿ ಕಂಬಳಿ. ಅವನು ಹೋದ ಮೇಲೆ ಅವನ ದನಿ ಕೇಳಿಯೇ ಇಲ್ಲ ಎಂದಳು. ತಲೆಯ ಮೇಲೆ ಸೆರಗು ಹೊದ್ದು ಯಂತ್ರದ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

ಹಾಡು ಶುರುವಾಯಿತು. ಕಾಶವ್ವನ ಮುಖ ಅರಳಿತು. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.

ಸ್ವಲ್ಪ ಹೊತ್ತಿಗೆ ಬೆರಳು ತಪ್ಪಿತು. ಮತ್ತೆ ಹಿಡಿಯಲು ನೋಡಿದಳು, ಮತ್ತೆ ತಪ್ಪಿತು. ಆಮೇಲೆ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು, ಎಲ್ಲೋ ಏದುಸಿರು ಬಿಡುತ್ತಿರುವವರನ್ನು ನೋಡುವಂತೆ ಯಂತ್ರವನ್ನೇ ನೋಡುತ್ತ ಕೂತಳು.

ಹಾಡು ಮುಗಿಯಿತು.

"ದನಿ ನಮ್ಮ ಮನ್ಯಾವರದೇ," ಅಂದಳು. "ಆದ್ರ ಇವರು ಉಸಿರು ಯಾವಾಗ ತಗೋತಾರ?"

ಕೆಮ್ಮು ಇತ್ತು, ಬಿಡುವು ಇತ್ತು, ಎಲ್ಲ ತೆಗೆದು ಕೂಡಿಸಿದ್ದೇನೆ ಎಂದು ರೇವಣಪ್ಪ ವಿವರಿಸಿದ. ಹೇಳುತ್ತ ಹೇಳುತ್ತ ಅವನ ಮಾತು ಸಣ್ಣದಾಗುತ್ತ ಬಂತು.

ಕಾಶವ್ವ ಸಿಟ್ಟಾಗಲಿಲ್ಲ. ಉಣ್ಣೆಯ ಧೂಳು ಕುಡಿದು ಕುಡಿದು ಗಂಡನಿಗೆ ಉಬ್ಬಸ ಬಂದಿತ್ತು ಎಂದಳು. ಒಂದು ಸಾಲು ಹಾಡಿದರೆ ಮುಂದಿನದಕ್ಕೆ ಎದೆ ತುಂಬುತ್ತಿರಲಿಲ್ಲ. ಆಗ ಹಾಡಿದ ಸಾಲನ್ನೇ ಅವಳು ಎತ್ತಿಕೊಳ್ಳುತ್ತಿದ್ದಳು. ಮದುವೆಯಾದಂದಿನಿಂದ ಅವರಿಬ್ಬರು ಹಾಡಿದ್ದು ಹಾಗೆಯೇ.

"ಅವರು ತಿರಿಗಿ ಬರೂತನ ನಾ ಹಿಡಕೊಂಡಿರ್ತಿದ್ದೆ," ಅಂದಳು.

ರೇವಣಪ್ಪನಿಗೆ ತಾನು ಕತ್ತರಿಸಿ ಎಸೆದದ್ದು ಯಾರನ್ನು ಎಂದು ಈಗ ತಿಳಿಯಿತು. ಗುರುವಿನ ಕಡೆ ನೋಡಿದ. ನಿಂಬೆವ್ವ ಹೊಳೆಯ ಕಡೆ ನೋಡುತ್ತಿದ್ದರು.

ಮೂಲ ಅಳಿಸಿಹೋಗಿತ್ತು. ಉಳಿದದ್ದು ಗೋಣಿಚೀಲ.

ಓಡಿಹೋಗಿ ಚೀಲ ತಂದು ಬಿಚ್ಚಿದ. ಲಗಮಣ್ಣನ ಸುರುಳಿ ತಳದಲ್ಲಿ ಸಿಕ್ಕಿತು. ಪದರಕ್ಕೆ ಪದರ ಬೆಲ್ಲ ಹಚ್ಚಿದಂತೆ ಅಂಟಿಕೊಂಡಿತ್ತು. ಕೈಯಲ್ಲಿ ಹಿಡಿದವನಿಗೆ ಧೈರ್ಯ ಸಾಲಲಿಲ್ಲ. ಟೇಪಿನ ಮೇಲಿರುವ ಕಂದು ಪುಡಿಯಲ್ಲೇ ದನಿ ಇರುವುದು, ಹೋದ ಸಲವೇ ಅದು ಬಹಳ ಉದುರಿತ್ತು, ಇನ್ನೊಮ್ಮೆ ತಿರುಗಿಸಿದರೆ ಏನು ಉಳಿಯುತ್ತದೋ ಹೇಳಲಾಗದು ಎಂದ. ಹೀಗೇ ಜೋಪಾನವಾಗಿ ಇಟ್ಟುಬಿಡೋಣ ಎಂದ.

"ಯಾರ ಸಲುವಾಗಿ ಇಡ್ತಿ?" ನಿಂಬೆವ್ವ ಕೇಳಿದರು.

"ಮುಂದ ಬರೋರ ಸಲುವಾಗಿ."

"ಬಂದು ಕುಂತಾರಲ್ಲ."

ರೇವಣಪ್ಪ ಕಾಶವ್ವನ ಕಡೆ ತಿರುಗಿದ.

"ಯಂತ್ರಕ್ಕೆ ಹಚ್ಚಪ್ಪ," ಅಂದಳು ಕಾಶವ್ವ. "ಉದುರಿದ್ರ ಉದುರಲಿ."

ರೇವಣಪ್ಪ ಅವಸರ ಮಾಡಲಿಲ್ಲ. ಸುರುಳಿಯನ್ನು ಹದವಾದ ಬಿಸುಪಿನಲ್ಲಿಟ್ಟು ಒಣಗಿಸಿದ. ಅಂಟು ಬಿಡುವವರೆಗೆ ಕಾದ. ಯಂತ್ರದ ಒಳಗಿನ ಧೂಳನ್ನು ಅರಳೆಯಿಂದ ಒರೆಸಿದ. ಅಷ್ಟು ದಿನ ಕಾಶವ್ವ ಮಠದಲ್ಲೇ ಉಳಿದಳು. ರೊಟ್ಟಿ ಬಡಿದಳು, ಅಂಗಳ ಸಾರಿಸಿದಳು, ಸಂಜೆ ನಿಂಬೆವ್ವನ ಸಂಗಡ ಹೊಳೆಯ ಮೆಟ್ಟಿಲ ಮೇಲೆ ಕೂತು ಹಳೆಯ ಊರುಗಳ ಸುದ್ದಿ ತೆಗೆದಳು.

ಸುರುಳಿ ಹಚ್ಚುವ ದಿನ ಬಂತು. ಯಂತ್ರದಿಂದ ಕಂಪ್ಯೂಟರಿಗೆ ವೈರು ಜೋಡಿಸಿದ್ದಾಯಿತು. ಆಗ ನಿಂಬೆವ್ವ, ಕಾಶವ್ವನ ಮುಂದೆ ಒಂದು ಮೈಕು ಇಡು ಎಂದರು. ಸುರುಳಿಯ ದನಿ ವೈರಿನಲ್ಲೇ ಇಳಿಯುತ್ತದೆ, ಮೈಕು ಯಾಕೆ ಎಂದು ರೇವಣಪ್ಪ ಕೇಳಿದ.

"ಇಡು," ಎಂದರು.

ಇಟ್ಟ. ಗುಂಡಿ ಒತ್ತಿದ.

ಮೊದಲು ಬಂದದ್ದು ಅಂದಿನ ಅಂಗಳ. ಎತ್ತು ಕೊರಳಾಡಿಸಿದ ಸದ್ದು. ಯಾರೋ ನೀರಿನ ಚರಿಗೆ ಕೆಳಗಿಟ್ಟ ಸದ್ದು. ಕೆಮ್ಮು. ಆಮೇಲೆ ಲಗಮಣ್ಣ.

"ನೀರಿಗಿಳಿದವಗ ಹೊಳಿ ಕಾಣದಲ್ಲೋ..."

ಸಾಲಿನ ತುದಿಯಲ್ಲಿ ಅವನ ಎದೆ ಬರಿದಾಯಿತು. ಆ ಕ್ಷಣಕ್ಕೆ ಸರಿಯಾಗಿ, ತೆಳ್ಳಗಿನ ಗಟ್ಟಿ ದನಿಯೊಂದು ಅದೇ ಸಾಲನ್ನು ಎತ್ತಿಕೊಂಡಿತು. ಹಿಂದೆ ಲಗಮಣ್ಣ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಎಳೆದುಕೊಂಡು ಮುಂದಿನ ಸಾಲಿಗೆ ಬಂದ.

"ನಿಂತು ನೋಡಿದವಗ ನೀರು ತಾಗದಲ್ಲೋ..."

ರೇವಣಪ್ಪ ಈ ಹಾಡನ್ನು ಅದೆಷ್ಟೋ ಸಲ ಕೇಳಿದ್ದ. ಈಗ ಮೊದಲ ಸಲ ಕೇಳುವವನ ಹಾಗೆ ಕೇಳಿದ.

ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿರಲಿಲ್ಲ, ನಗುತ್ತಿದ್ದಳು. ಆ ಚಿಕ್ಕ ಪ್ರಾಯದ ದನಿ ತನ್ನದೇ ಎಂದು ಅವಳಿಗೆ ನಂಬಿಕೆ ಬರುತ್ತಿರಲಿಲ್ಲ.

ಮೂರನೆಯ ನುಡಿಗೆ ಬರುವಷ್ಟರಲ್ಲಿ ಯಂತ್ರದ ಕೆಳಗೆ ಕಂದು ಪುಡಿ ಕೂಡತೊಡಗಿತು. ಲಗಮಣ್ಣನ ದನಿ ಮಸುಕಾಯಿತು. ಹೊಳೆಯಾಚೆಯಿಂದ ಕೂಗಿದಂತೆ ದೂರವಾಯಿತು. ಸಾಲಿನ ನಡುವೆಯೇ ಇಲ್ಲವಾಯಿತು. ಬರೀ ಸುಯ್ ಎನ್ನುವ ಸದ್ದು ಉಳಿಯಿತು.

ರೇವಣಪ್ಪ ಯಂತ್ರ ನಿಲ್ಲಿಸಲು ಕೈ ಚಾಚಿದ. ನಿಂಬೆವ್ವ ಅವನ ಮಣಿಕಟ್ಟು ಹಿಡಿದರು.

ಕಾಶವ್ವ ಸೆರಗು ತೆಗೆದಳು. ನಿಂತುಹೋದ ಸಾಲನ್ನು, ನಿಂತಲ್ಲಿಂದಲೇ ಎತ್ತಿಕೊಂಡಳು.

ದನಿ ಈಗ ದಪ್ಪಗಾಗಿತ್ತು, ಅಂಚು ಸವೆದಿತ್ತು. ತಾಳ ಮಾತ್ರ ಎಳ್ಳಷ್ಟೂ ಅತ್ತಿತ್ತ ಸರಿಯಲಿಲ್ಲ. ಅವಳು ಯಂತ್ರವನ್ನು ನೋಡುತ್ತಿರಲಿಲ್ಲ. ತನ್ನ ಬಲಕ್ಕೆ, ಒಬ್ಬ ಮನುಷ್ಯ ಕೂರುವಷ್ಟು ಬರಿದಾಗಿದ್ದ ನೆಲವನ್ನು ನೋಡುತ್ತಿದ್ದಳು. ಸಾಲು ಮುಗಿಯಿತು. ಅವನು ಬರಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಹಾಡಿದಳು. ಬರಲಿಲ್ಲ. ಮುಂದಿನ ನುಡಿಯನ್ನೂ ತಾನೇ ಹಿಡಿದಳು. ಸುರುಳಿ ತಿರುಗುತ್ತಿತ್ತು, ಪುಡಿ ಉದುರುತ್ತಿತ್ತು.

ಎಲ್ಲ ಮುಗಿಯಿತು, ಇನ್ನು ಅವನಿಲ್ಲ ಎಂದುಕೊಂಡ ರೇವಣಪ್ಪ. ಯಂತ್ರದ ಮೇಲೆ ಅವನ ನಂಬಿಕೆ ಹೋಯಿತು. ಕಾಶವ್ವನ ದನಿಯಲ್ಲಿ ಮಾತ್ರ ಸಂಶಯದ ಸುಳಿವೇ ಇರಲಿಲ್ಲ. ನೀರಿಗೆ ಹೋದವನು ಕೊಡ ತುಂಬಿಕೊಂಡು ಈಗ ಬರುತ್ತಾನೆ ಎನ್ನುವವಳ ಹಾಗೆ ಹಾಡುತ್ತಿದ್ದಳು.

ಆ ಸುಯ್ ಸದ್ದಿನೊಳಗಿಂದ ಒಂದು ಕೆಮ್ಮು ಕೇಳಿಸಿತು.

ಮರುಗಳಿಗೆ ಲಗಮಣ್ಣ ಬಂದ. ಅವಳು ಬಿಡಬೇಕಾದ ಅಕ್ಷರಕ್ಕೇ ಬಂದ. ಕಾಶವ್ವ ಅಲ್ಲಿಗೆ ಬಿಟ್ಟು ಎದೆತುಂಬ ಉಸಿರು ಎಳೆದುಕೊಂಡಳು. ಹಾಡು ಕೊನೆಯವರೆಗೆ ಹೋಯಿತು.

ಸುರುಳಿ ನಿಂತಿತು. ಕಾಶವ್ವ ಕುಡಿಯಲು ಮಜ್ಜಿಗೆ ಕೇಳಿದಳು. ಕುಡಿದು, ನಿಂಬೆವ್ವನಿಗೆ ಕೈ ಮುಗಿದು, ಕಂಬಳಿ ಹೆಗಲಿಗೇರಿಸಿಕೊಂಡು ದೋಣಿಯ ಕಡೆ ನಡೆದಳು. ಹೋಗುವಾಗ ರೇವಣಪ್ಪನ ಗಲ್ಲ ಮುಟ್ಟಿ, ನಮ್ಮಿಬ್ಬರನ್ನೂ ಚೆನ್ನಾಗಿ ಕೂಡಿಸಿಕೊಟ್ಟೆ ಎಂದಳು.

ಅವಳು ಹೋದ ಮೇಲೆ ರೇವಣಪ್ಪ ಗೋಣಿಚೀಲವನ್ನು ಜಗುಲಿಗೆ ಎಳೆದು ತಂದ. ಸುರುಳಿಗಳನ್ನು ಒಂದೊಂದಾಗಿ ತೆಗೆದು ನೆರಳಿನಲ್ಲಿ ಹರವಿದ. ಎಲ್ಲವನ್ನೂ ಮೊದಲಿನಿಂದ ಇಳಿಸುತ್ತೇನೆ, ಒಂದು ಕೆಮ್ಮನ್ನೂ ಮುಟ್ಟುವುದಿಲ್ಲ ಎಂದು ಗುರುವಿಗೆ ಹೇಳಿದ. ಎಷ್ಟು ವರುಷ ಹಿಡಿದರೂ ಹಿಡಿಯಲಿ ಎಂದ. ಹಾಗೆ ಹೇಳುವಾಗ ಅವನ ದನಿ ಗಟ್ಟಿಯಾಗಿತ್ತು.

ನಿಂಬೆವ್ವ ಜಗುಲಿಯ ಚಾಪೆಯ ಮೇಲೆ ಏಕತಾರಿ ತೊಡೆಗಿಟ್ಟುಕೊಂಡು ಕೂತಿದ್ದರು. ತಲೆಯಾಡಿಸಿದರು.

ಕೊನೆಯ ಸುರುಳಿ ಕೈಯಲ್ಲಿದ್ದಾಗ ರೇವಣಪ್ಪ ತಡೆದು ನಿಂತ.

"ಅವ್ವಾರೆ, ಲಗಮಣ್ಣನವರಿಗೆ ಕಾಶವ್ವ ಇದ್ರು. ಇವರೆಲ್ಲರ ಜೋಡಿ ಹಾಡಿದವರು ಯಾರೂ ಉಳದಿಲ್ಲ. ಇವರ ದನಿ ಅಳಿಸಿಹೋದಲ್ಲಿ ಯಾರು ಎತ್ತಿಕೋಬೇಕು?"

ನಿಂಬೆವ್ವ ಚಾಪೆಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟರು.

"ಇಲ್ಲಿಗೆ ಬಂದು ಎಷ್ಟು ದಿನ ಆತು, ತಮ್ಮಾ," ಎಂದರು. "ನಿನ್ನ ದನಿ ಹೆಂಗದ ಅಂತ ನಾ ಇನ್ನೂ ಕೇಳಿಲ್ಲ."