ಶುಕ್ರವಾರ ಮೊಳಗಿದ ಗಂಟೆ

ಪೂಜ್ಯ ಜ್ಞಾನನಾಥ ಸ್ವಾಮಿಗಳು ಕಲ್ಲುಪಾಳ್ಯದ ಗುರುಗಳಾಗಿದ್ದಾಗ ದೇವಾಲಯಕ್ಕೆ ಒತ್ತಿಕೊಂಡಿದ್ದ ಮಣ್ಣುಗೋಡೆಯ ಕೋಣೆಯೊಂದರಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ಶಿಲುಬೆ, ನೀರಿನ ಹೂಜಿ, ಇಷ್ಟೇ ಅವರ ಆಸ್ತಿ. ಅವರು ಸಿಟ್ಟಾದದ್ದನ್ನು ಕಂಡವರು ಕಡಿಮೆ. ಒಂದು ಪವಿತ್ರ ವಾರದಲ್ಲಿ ಮಾತ್ರ ಊರೇ ಕಂಡಿತು. ಆ ಸಿಟ್ಟನ್ನು ನೆನೆದರೆ ಇಂದಿಗೂ ಅವರ ಪಾದಕ್ಕೆ ಎರಗಬೇಕೆನಿಸುತ್ತದೆ.

ಕಲ್ಲು ಒಡೆಯುವ ಲಾಸರಪ್ಪ ಕುಡಿತ ಬಿಟ್ಟು, ಹಿಂದಿನ ಕ್ರಿಸ್ಮಸ್‌ನಲ್ಲಿ ದೀಕ್ಷಾಸ್ನಾನ ಪಡೆದವನು. ಸುಮ್ಮನೆ ಕೂತರೆ ಹಳೆಯ ಚಟ ಕರೆಯುತ್ತದೆಂದು ಸ್ವಾಮಿಗಳು ಗಂಟೆಯ ಹಗ್ಗವನ್ನು ಅವನ ಕೈಗೊಪ್ಪಿಸಿದರು. "ಮಧ್ಯಾಹ್ನದ ಜಪದ ಗಂಟೆ ಯಾವತ್ತೂ ತಪ್ಪಬಾರದು, ಮಗನೇ" ಎಂದರು. ಅವನು ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಬಾರಿಸಿದ.

ಪವಿತ್ರ ಗುರುವಾರದ ಪೂಜೆಯಿಂದ, ಶನಿವಾರ ರಾತ್ರಿ ಪ್ರಭುವಿನ ಪುನರುತ್ಥಾನಕ್ಕೆ ಕಾಯುವ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೆ ನಮ್ಮಲ್ಲಿ ಗಂಟೆ ಬಾರಿಸುವುದಿಲ್ಲ; ಆ ಹಾಡಿನೊಂದಿಗೇ ಅದು ಮತ್ತೆ ಮೊಳಗಬೇಕು. ಪ್ರಭುವಿನ ಮರಣಕ್ಕೆ ಅದು ನಮ್ಮ ಶೋಕ. ಹುಟ್ಟು ಕ್ರೈಸ್ತರಿಗೆ ಇದನ್ನು ಯಾರೂ ಹೇಳಬೇಕಿಲ್ಲ. ಹಾಗಾಗಿ ಲಾಸರಪ್ಪನಿಗೂ ಯಾರೂ ಹೇಳಲಿಲ್ಲ. ಶುಕ್ರವಾರ ಮಧ್ಯಾಹ್ನ ಜನ ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಮೊಣಕಾಲೂರಿದ್ದಾಗ ಗಂಟೆ ಢಣಢಣನೆ ಮೊಳಗಿತು.

ಸ್ವಾಮಿಗಳು ಪಕ್ಕದ ಹಟ್ಟಿಯ ರೋಗಿಯೊಬ್ಬನನ್ನು ನೋಡಲು ಹೋಗಿದ್ದರು. ಸಭೆಯ ಯಜಮಾನ ಚೌರಪ್ಪ ಎದ್ದು ಓಡಿದ, ಹಗ್ಗ ಕಿತ್ತುಕೊಂಡ. "ಕುಡುಕನ ಕೈಗೆ ಗಂಟೆ ಕೊಟ್ರೆ ಇನ್ನೇನಾಯ್ತದೆ? ನಡಿ ಆಚೆ" ಎಂದ, ಎಲ್ಲರೆದುರು. ಕೆಲವರು ನಕ್ಕರು. ಅದೂ ಪ್ರಭು ಶಿಲುಬೆಯ ಮೇಲೆ ತೂಗಿದ ಗಳಿಗೆಯಲ್ಲಿ! ಹೇಳಿಕೊಡಲು ಬಾಯಿ ಬಾರದವರಿಗೆ ಹಂಗಿಸಲು ಎಲ್ಲಿಂದ ಬರುತ್ತದೋ ನಾನರಿಯೆ. ಇದನ್ನು ಭಕ್ತಿಯೆಂದು ಕರೆಯಲು ನನ್ನ ನಾಲಿಗೆ ಏಳದು.

ಸಂಜೆ ಚೌರಪ್ಪ ದೂರು ಹೊತ್ತು ಸ್ವಾಮಿಗಳ ಬಾಗಿಲಿಗೆ ಬಂದ. ಹಿಂದೆಯೇ ಲಾಸರಪ್ಪನ ಹೆಂಡತಿ ಸಿಸಿಲಮ್ಮ ಬಂದು ನಿಂತಳು. "ಸ್ವಾಮೇರೆ, ಊಟ ಮುಟ್ಟಿಲ್ಲ. ಹೆಂಡದಂಗಡಿ ದಾರೀನೇ ನೋಡ್ಕೊಂಡು ಕುಂತವ್ರೆ" ಎಂದಳು.

ಸ್ವಾಮಿಗಳ ಮುಖ ಕೆಂಪಾಯಿತು.

"ಗಂಟೆ ಬಾರಿಸಬಾರದೆಂದು ಅವನಿಗೆ ಹೇಳಿದವರು ಯಾರು, ಚೌರಪ್ಪ?"

"ಯಾರೂ ಹೇಳಿಲ್ಲ ಸ್ವಾಮೇರೆ. ಎಲ್ರಿಗೂ ಗೊತ್ತಿರೋದೇ ಅಲ್ವಾ?" ಎಂದ ಚೌರಪ್ಪ.

"ನಾನೂ ಹೇಳಲಿಲ್ಲ. ತಪ್ಪದೆ ಬಾರಿಸು ಎಂದೆ, ಅವನು ಬಾರಿಸಿದ. ನಾಳೆ ನೀನೇ ಹೋಗಿ ಅವನನ್ನು ಕರೆದುಕೊಂಡು ಬಾ."

ಅಂದೇ ಸ್ವಾಮಿಗಳು ಲಾಸರಪ್ಪನ ಮನೆಗೆ ಹೋಗಿ, ಕತ್ತಲಾಗುವವರೆಗೂ ಅವನ ಪಕ್ಕದಲ್ಲಿ ಕುಳಿತು ಬಂದರು. ಚೌರಪ್ಪ ಮಾತ್ರ ಮರುದಿನವೂ ಹೋಗಲಿಲ್ಲ. ಕಲ್ಲು ಒಡೆಯುವವನ ಮನೆಬಾಗಿಲಿಗೆ ಯಜಮಾನ ಹೋಗುವುದೇ ಎಂಬ ಬಿಂಕ.

ಶನಿವಾರ ಕತ್ತಲು ಕವಿಯುತ್ತಲೇ ಪಾಸ್ಖ ಜಾಗರಣೆ ತೊಡಗಿತು. ಬೈಬಲ್ ವಾಚನಗಳು ಮುಗಿದವು. ಜನ ಮಹಿಮಾಗೀತೆಗೆ ಎದ್ದು ನಿಂತರು. ಸ್ವಾಮಿಗಳು ಹಾಡು ಎತ್ತಲಿಲ್ಲ. ಹಗ್ಗ ಖಾಲಿಯಾಗಿ ತೂಗುತ್ತಿತ್ತು.

"ಬಾರಿಸುವವನು ಬರಲಿ. ಅಲ್ಲಿಯವರೆಗೆ ಮಹಿಮೆಯಿಲ್ಲ" ಎಂದು ಪೀಠದ ಮುಂದೆ ನಿಂತೇ ಇದ್ದರು. ಪೂಜೆಯನ್ನು ಹೀಗೆ ತಡೆಯಬಹುದೇ ಎಂದು ಶಾಸ್ತ್ರ ಬಲ್ಲವರು ಕೇಳುತ್ತಾರೆ. ಕೇಳಲಿ. ಒಬ್ಬನನ್ನು ಹೊರಗಟ್ಟಿ ಹಾಡುವ ಮಹಿಮೆಯನ್ನು ಪ್ರಭು ಕಿವಿಗೊಟ್ಟು ಕೇಳುತ್ತಾನೆಯೇ ಎಂದು ಅವರೂ ಹೇಳಲಿ.

ಎಲ್ಲರ ಕಣ್ಣು ಚೌರಪ್ಪನ ಮೇಲೆ ಬಿತ್ತು. ಅವನು ಮೇಣದ ಬತ್ತಿ ಹಿಡಿದು ಹೊರನಡೆದ.

ಲಾಸರಪ್ಪ ಹೊಸ್ತಿಲಲ್ಲೇ ಕುಳಿತಿದ್ದ, ಕುಡಿದಿರಲಿಲ್ಲ. ಚೌರಪ್ಪನನ್ನು ಕಂಡು ಗಾಬರಿಯಿಂದ ಎದ್ದ.

"ಬ್ಯಾಡಿ ಯಜಮಾನ್ರೆ. ಯಾವಾಗ ಎಳೀಬೇಕು ಅಂತ ನಂಗ್ ಗೊತ್ತಾಗಕಿಲ್ಲ. ಮತ್ತೆ ತಪ್ಪಾಯ್ತದೆ."

ಆ ಮಾತು ಚೌರಪ್ಪನ ಕರುಳಿಗೆ ತಾಕಿತು. ಇವನು ಇಷ್ಟು ತಿಂಗಳೂ ಹೇಳಿಕೊಡುವವರಿಗಾಗಿಯೇ ಕಾದಿದ್ದನೆಂಬುದು ಆಗ ಅವನಿಗೆ ಹೊಳೆಯಿತು.

"ನಾನ್ ನಿನ್ ಪಕ್ಕದಲ್ಲೇ ನಿಂತ್ಕತೀನಿ ಬಾ" ಎಂದ. "ತಪ್ಪಾದ್ರೆ ಇಬ್ರದೂ ತಪ್ಪು."

ಇಬ್ಬರೂ ಹಗ್ಗದ ಬಳಿ ನಿಂತರು. ಸ್ವಾಮಿಗಳು ಅವರನ್ನು ಕಂಡು ಕಣ್ಣೊರೆಸಿಕೊಂಡು ಹಾಡು ಎತ್ತಿದರು. "ಈಗ ಎಳಿ, ಲಾಸರಪ್ಪ" ಎಂದ ಚೌರಪ್ಪ. ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗಂಟೆ ಮೊಳಗಿತು.

ಅಂದಿನಿಂದ ಚೌರಪ್ಪನವರು ಸಾಯುವವರೆಗೂ, ಸಭೆಗೆ ಹೊಸಬರು ಯಾರೇ ಬರಲಿ, ಮೊದಲು ಅವರ ಮನೆಗೆ ಹೋಗುತ್ತಿದ್ದರು. ಹೊಸ್ತಿಲಲ್ಲೇ ಕುಳಿತು, "ನಿಮಗೆ ನಮ್ ಪದ್ಧತೀನ ಯಾರಾದ್ರೂ ಹೇಳವ್ರ?" ಎಂದು ಮಾತು ತೊಡಗುತ್ತಿದ್ದರು.