ಬೇಸ್ ಗಿಟಾರಿನ ಸರದಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ!

ರಾಜ್ಯೋತ್ಸವದ ಮೈದಾನದಲ್ಲಿ ಆರ್ಕೆಸ್ಟ್ರಾದವರು ಹಳೇ ಚಿತ್ರಗೀತೆ ನುಡಿಸುತ್ತಿದ್ದರು. ಸದಾ ಹಿಂದೆ ನಿಲ್ಲುವ ಬೇಸ್ ಗಿಟಾರಿಗೆ ಪಲ್ಲವಿಯಾದ ಮೇಲೆ ಒಂಟಿಯಾಗಿ ನುಡಿಯುವ ಒಂದು ತುಣುಕಿತ್ತು. ವರ್ಷವಿಡೀ ಅದು ಅದಕ್ಕೇ ಕಾದಿತ್ತು. ಆದರೆ ಹೊಸ ಗಾಯಕಿ ವಾರಿಜಾ ಗಾಬರಿಯಲ್ಲಿ ಅದಕ್ಕೂ ಮೊದಲೇ ಚರಣ ಎತ್ತಿಕೊಂಡಳು.

“ನಿನ್ನ ಸರದಿ ನುಂಗಿಬಿಟ್ಟಳಲ್ಲಣ್ಣ! ಬಿಡಬೇಡ, ನುಡಿ. ಮೂಲ ಹಾಡಿನ ಕ್ಯಾಸೆಟ್ಟಿನಲ್ಲಿ ಇಲ್ಲಿ ನಿನ್ನ ತುಣುಕೇ ತಾನೆ ಇರುವುದು?” ಎಂದು ಲೀಡ್ ಗಿಟಾರ್ ಕೆಣಕಿತು.

“ನಾನೀಗ ನುಡಿದರೆ ತಪ್ಪಿದ್ದು ಯಾರೆಂದು ಮೈದಾನಕ್ಕೆಲ್ಲ ತಿಳಿಯುತ್ತದಪ್ಪ,” ಎಂದ ಬೇಸ್ ಗಿಟಾರ್, ತನ್ನ ತುಣುಕನ್ನು ಬಿಟ್ಟುಕೊಟ್ಟು ಅವಳ ದನಿಗೆ ಆಸರೆಯಾಗಿ ನಿಂತಿತು. ಹಾಡು ಎಲ್ಲೂ ಎಡವದೆ ದಡ ಸೇರಿತು. ಚಪ್ಪಾಳೆ ವಾರಿಜಾಳಿಗೂ ಬಿತ್ತು, ಬೇಸ್ ಗಿಟಾರಿಗೂ ಬಿತ್ತು.

ಬೇಸ್ ಗಿಟಾರಿಗೂ ಬಿತ್ತು ಎಂಬುದೊಂದು ಮಾತ್ರ ನಾನು ಸೇರಿಸಿದ್ದು.